ಶೋರೂಮಿನ 46 ಪಿಎಸ್, ಹಾಸನ ರಸ್ತೆಯ 80 ಕಿ.ಮೀ.: ದೊಡ್ಡ ಬೈಕ್‌ಗಳ ನಿಜವಾದ ಲೆಕ್ಕ

ಚನ್ನರಾಯಪಟ್ಟಣ: ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಬೈಪಾಸ್ ಪಕ್ಕದ ಯಾವುದಾದರೂ ಟೀ ಅಂಗಡಿ ಮುಂದೆ ನಿಂತು ನೋಡಿ. ಬೆಂಗಳೂರು ಕಡೆಯಿಂದ ಮೊದಲು ಸದ್ದು ಬರುತ್ತೆ, ಆಮೇಲೆ ಬೈಕ್ ಬರುತ್ತೆ. ಕವಾಸಕಿ, ಸುಜುಕಿ, ಬಿಎಂಡಬ್ಲ್ಯೂ, ನಡುವೆ ಐದಾರು ಕೆಟಿಎಂ. ಎಲ್ಲ ಸಕಲೇಶಪುರದ ಕಡೆಗೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುತ್ತಿಲ್ಲ. ನಮ್ಮ ಎನ್‌ಎಚ್ 75ರಲ್ಲಿ ಆ ತಡೆ ಇಲ್ಲ.

ಟೀ ಕುಡಿಯುತ್ತಾ ನಿಂತ ನಮ್ಮೂರ ಹುಡುಗರು ಆ ಬೈಕ್‌ಗಳು ಕಣ್ಮರೆ ಆಗುವ ತನಕ ನೋಡ್ತಾರೆ. ಆಮೇಲೆ ಅದೇ ಚರ್ಚೆ. "ಗುರೂ, 390 ಎಷ್ಟು ಹೋಗುತ್ತೆ?" "ನೂರಾ ಎಪ್ಪತ್ತು ಪಕ್ಕಾ." "ಹಯಾಬುಸ ಮುಂದೆ ಅದೇನೂ ಅಲ್ಲ ಬಿಡು."

ನಾನೂ ಆ ಗುಂಪಿನವನೇ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟೆ, ಈಗ ಸ್ಪ್ಲೆಂಡರ್‌ನಲ್ಲಿ ತಾಲ್ಲೂಕು ಸುತ್ತಿ ಸುದ್ದಿ ಕಳಿಸ್ತೀನಿ. ಅದರಲ್ಲಿ ಹೆಚ್ಚು ಸಲ ಬರೆಯುವ ಸಾಲು ಒಂದೇ: "ಅತಿ ವೇಗವೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ." ಅತಿ ವೇಗ ಅಂದರೆ ಎಷ್ಟು, ಬೈಕಿನ ಶಕ್ತಿ ಎಲ್ಲಿ ಕೆಲಸಕ್ಕೆ ಬರುತ್ತೆ, ಎಲ್ಲಿ ಬರಲ್ಲ ಅಂತ ನಾವು ಯಾವತ್ತೂ ಬರೆದಿಲ್ಲ. ಜಿಎಸ್‌ಟಿ ಬದಲಾದ ಮೇಲೆ "ಯಾವ ಬೈಕ್ ತಗೊಳ್ಳೋದು" ಅಂತ ಕೇಳುವವರೂ ಜಾಸ್ತಿ ಆಗಿದ್ದಾರೆ. ಅದಕ್ಕೇ ಈ ಲೆಕ್ಕ. ಏನೂ ಮಾರ್ಪಾಡು ಮಾಡದೆ, ಕಂಪನಿ ಕೊಟ್ಟ ಹಾಗೇ ಇರುವ ಬೈಕ್‌ಗಳ ಬಗ್ಗೆ ಮಾತ್ರ.

350 ಸಿಸಿ ಎಂಬ ಗೆರೆ

ಮೊದಲು ದುಡ್ಡಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. 350 ದಾಟಿದ ಬೈಕ್‌ಗಳಿಗೆ ಮೊದಲು ಶೇ 28 ಜಿಎಸ್‌ಟಿ, ಮೇಲೆ ಶೇ 3 ಸೆಸ್ ಇತ್ತು, ಒಟ್ಟು 31. ಅದೀಗ ಶೇ 40. ತೆರಿಗೆ ಬಿಟ್ಟು ಮೂಲ ಬೆಲೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಚಿಕ್ಕ ಬೈಕ್ 128ರಿಂದ 118ಕ್ಕೆ ಬಂತು, ಅಂದರೆ ಸುಮಾರು ಶೇ 8 ಅಗ್ಗ. ದೊಡ್ಡದು 131ರಿಂದ 140ಕ್ಕೆ ಹೋಯಿತು, ಸುಮಾರು ಶೇ 7 ತುಟ್ಟಿ. ಕಂಪನಿ ತನ್ನ ಕೈಯಿಂದ ಹೊರೆ ಹೊತ್ತರೆ ಶೋರೂಮ್ ಬೆಲೆ ಬೇರೆ ಇರಬಹುದು, ತೆರಿಗೆ ಮಾತ್ರ ಇದೇ.

ಇನ್ಶೂರೆನ್ಸ್‌ನಲ್ಲೂ ಗೆರೆ ಅದೇ 350. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿ ತನಕ 7,365 ರೂ., 350 ದಾಟಿದರೆ 15,117 ರೂ. ಡಬ್ಬಲ್‌ಗಿಂತ ಜಾಸ್ತಿ.

ಹಾಗಾಗಿ 312 ಸಿಸಿಯ ಟಿವಿಎಸ್ ಅಪಾಚೆ ಆರ್‌ಆರ್ 310, 296 ಸಿಸಿಯ ಕವಾಸಕಿ ನಿಂಜಾ 300 ಗೆರೆಯ ಈಚೆಗೆ ಬಂದವು. 373 ಸಿಸಿಯ ಕೆಟಿಎಂ ಆರ್‌ಸಿ 390, 399 ಸಿಸಿಯ ಹೊಸ 390 ಡ್ಯೂಕ್ ಗೆರೆಯ ಆಚೆಗೆ. ಹೆಚ್ಚಿಗೆ ಕೊಡುವ ದುಡ್ಡಿಗೆ ತಕ್ಕ ಓಟ ನಮ್ಮ ರಸ್ತೆಯಲ್ಲಿ ಸಿಗುತ್ತಾ ಅನ್ನೋದು ಪ್ರಶ್ನೆ.

ಕಾಗದದ ಮೇಲಿನ ಬಲ

ಸಿಸಿ ಒಂದನ್ನೇ ನೋಡಿದರೆ ಏನೂ ಗೊತ್ತಾಗಲ್ಲ. ಒಂದು ಪಿಎಸ್ ಶಕ್ತಿ ಎಷ್ಟು ಕೆಜಿ ಎಳೆಯಬೇಕು ಅಂತ ನೋಡಬೇಕು. ನಮ್ಮ ಗಾಡೆಎತ್ತಿನ ಲೆಕ್ಕವೇ ಇದು, ಎತ್ತು ಗಟ್ಟಿ ಇದ್ದರೆ ಸಾಲದು, ಗಾಡಿ ಮೇಲೆ ಎಷ್ಟು ಮೂಟೆ ಇದೆ ಅಂತಲೂ ನೋಡಬೇಕು. 75 ಕೆಜಿ ಸವಾರನನ್ನು ಸೇರಿಸಿ, ಕಂಪನಿ ಕೊಟ್ಟ ಅಂಕಿಗಳಿಂದ ನಾನು ಹಾಕಿದ ಲೆಕ್ಕ ಇದು:

ಹೀರೋ ಸ್ಪ್ಲೆಂಡರ್: 8 ಪಿಎಸ್, 112 ಕೆಜಿ. ಒಂದು ಪಿಎಸ್‌ಗೆ ಸುಮಾರು 23 ಕೆಜಿ.

ಯಮಹಾ ಆರ್15: 18.4 ಪಿಎಸ್, ಸುಮಾರು 142 ಕೆಜಿ. ಪಿಎಸ್‌ಗೆ 12 ಕೆಜಿ.

ಅಪಾಚೆ ಆರ್‌ಆರ್ 310 (2024ರ ಮಾದರಿ): 38 ಪಿಎಸ್, 174 ಕೆಜಿ. ಪಿಎಸ್‌ಗೆ ಆರೂವರೆ ಕೆಜಿ.

390 ಡ್ಯೂಕ್ (399 ಸಿಸಿ): 46 ಪಿಎಸ್, 168 ಕೆಜಿ. ಪಿಎಸ್‌ಗೆ 5.3 ಕೆಜಿ.

ಸುಜುಕಿ ಹಯಾಬುಸ: 190 ಪಿಎಸ್, 266 ಕೆಜಿ. ಪಿಎಸ್‌ಗೆ 1.8 ಕೆಜಿ.

ಕವಾಸಕಿ ನಿಂಜಾ ಝಡ್‌ಎಕ್ಸ್-10ಆರ್: 203 ಪಿಎಸ್, 207 ಕೆಜಿ. ಪಿಎಸ್‌ಗೆ 1.4 ಕೆಜಿ.

ಸ್ಪ್ಲೆಂಡರ್‌ಗೂ 390ಕ್ಕೂ ನಾಲ್ಕು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. 390ಕ್ಕೂ ಲೀಟರ್ ಬೈಕಿಗೂ ಮತ್ತೆ ಹತ್ತಿರಹತ್ತಿರ ನಾಲ್ಕು ಪಟ್ಟು. 390 ಓಡಿಸಿ "ನನಗೆ ದೊಡ್ಡ ಬೈಕ್ ಬರುತ್ತೆ" ಅನ್ನೋದು, ಸ್ಪ್ಲೆಂಡರ್ ಓಡಿಸಿ "390 ಬರುತ್ತೆ" ಅಂದ ಹಾಗೇ.

ಹಿಂದೆ 65 ಕೆಜಿಯ ಗೆಳೆಯನನ್ನು ಕೂರಿಸಿದರೆ ಚಿಕ್ಕ ಬೈಕಿಗೆ ಹೊಡೆತ ಜಾಸ್ತಿ. ಆರ್15 ಪಿಎಸ್‌ಗೆ 12 ಇದ್ದದ್ದು 15 ಆಗುತ್ತೆ. ಒಬ್ಬನೇ ಟೆಸ್ಟ್ ರೈಡ್ ಮಾಡಿ ಬೈಕ್ ತಗೊಂಡು, ಆಮೇಲೆ ಯಾವಾಗಲೂ ಇಬ್ಬರು ಹೋಗುವವರು ಇದನ್ನು ನೆನಪಿಡಿ.

ಆ 46, 46 ಆಗಿ ರಸ್ತೆಗೆ ಬರಲ್ಲ

ಕಂಪನಿ ಹೇಳುವ ಪಿಎಸ್ ಇಂಜಿನ್ ಒಳಗಿನ ಕ್ರ್ಯಾಂಕ್‌ನಲ್ಲಿ ಅಳೆದದ್ದು. ಅಲ್ಲಿಂದ ಗೇರ್‌ಬಾಕ್ಸ್, ಚೈನ್ ದಾಟಿ ಹಿಂದಿನ ಚಕ್ರಕ್ಕೆ ಬರುವಾಗ ಸುಮಾರು ಶೇ 10ರಿಂದ 15 ಸೋರಿ ಹೋಗುತ್ತೆ. ಚೈನ್ ಒಣಗಿ ಸಡಿಲ ಆಗಿದ್ದರೆ ಇನ್ನಷ್ಟು.

ಎರಡನೆಯದು ನಮ್ಮ ಎತ್ತರ. ನಮ್ಮ ಕಡೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಶೇ 8 ತೆಳು. ಗಾಳಿ ಕಮ್ಮಿ ಆದರೆ ಇಂಜಿನ್ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತೆ, ಶಕ್ತಿಯೂ ಅಷ್ಟೇ ಇಳಿಯುತ್ತೆ. ಶಿರಾಡಿ ಘಾಟ್ ಇಳಿದ ಮೇಲೆ "ಬೈಕ್ ಯಾಕೋ ಚೆನ್ನಾಗಿ ಎಳೀತಿದೆ" ಅಂತ ಅನ್ನಿಸಿದ್ದರೆ ಅದು ಭ್ರಮೆ ಅಲ್ಲ. ಎರಡೂ ಕಳೆದರೆ 46 ಪಿಎಸ್ ಬೈಕ್ ನಮ್ಮೂರಲ್ಲಿ ಚಕ್ರಕ್ಕೆ ಕೊಡುವುದು ಸುಮಾರು 37.

ಮೂರನೆಯದು ಪೆಟ್ರೋಲ್. ಬಂಕ್‌ಗಳಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಾಖ ಇದೆ. ಇದಕ್ಕೆ ತಯಾರಾಗದ ಹಳೆ ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ಮೈಲೇಜ್ ಇಳಿಯಬಹುದು ಅಂತ ನೀತಿ ಆಯೋಗದ ವರದಿಯೇ ಹೇಳಿತ್ತು. ಹಳೇ 390, ಹಳೇ ನಿಂಜಾ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಈ ಲೆಕ್ಕವನ್ನೂ ಹಾಕಬೇಕು.

ನಾಲ್ಕನೆಯದು ಮೀಟರ್. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಮ್ಮಿ ತೋರಿಸುವ ಹಾಗಿಲ್ಲ, ಸ್ವಲ್ಪ ಹೆಚ್ಚು ತೋರಿಸಬಹುದು ಅನ್ನೋದು ನಿಯಮ. ಅದಕ್ಕೆ ಕಂಪನಿಗಳು ಯಾವಾಗಲೂ ಹೆಚ್ಚಿನ ಕಡೆಗೇ ಇಡುತ್ತವೆ. ಮೊಬೈಲ್ ವಿಡಿಯೋದಲ್ಲಿ 170 ಕಂಡ ಬೈಕ್, ಜಿಪಿಎಸ್‌ನಲ್ಲಿ ಅಷ್ಟು ಇರಲ್ಲ.

ನೂರರ ತನಕ ದೊಡ್ಡವರೆಲ್ಲ ಒಂದೇ

ಈಗ ಹುಡುಗರು ಒಪ್ಪದ ವಿಷಯ. ಸೊನ್ನೆಯಿಂದ ನೂರಕ್ಕೆ 390 ಸುಮಾರು ಆರು ಸೆಕೆಂಡಿನಲ್ಲಿ ಹೋಗುತ್ತೆ. ಹಯಾಬುಸ, ಝಡ್‌ಎಕ್ಸ್-10ಆರ್ ಮೂರು ಸೆಕೆಂಡಿನ ಆಸುಪಾಸು. ಶಕ್ತಿ ನಾಲ್ಕು ಪಟ್ಟು, ಸಮಯ ಮಾತ್ರ ಅರ್ಧ. ಯಾಕೆ?

ಯಾಕಂದರೆ ಒಂದು ಹಂತ ಆದ ಮೇಲೆ ಮುಂದಿನ ಚಕ್ರ ಎದ್ದು ನಿಲ್ಲುತ್ತೆ. 150 ಪಿಎಸ್ ಇರಲಿ, 200 ಇರಲಿ, ಚಕ್ರ ಎದ್ದರೆ ಆಕ್ಸಿಲರೇಟರ್ ಬಿಡಲೇಬೇಕು. ಈಗಿನ ಬೈಕ್‌ಗಳಲ್ಲಿ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡುತ್ತೆ. ಹಾಗಾಗಿ ನೂರರ ಒಳಗೆ ಲೀಟರ್ ಬೈಕ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಅನ್ನಬಹುದು. ಆ 200 ಪಿಎಸ್ ಪೂರ್ತಿ ಬಿಚ್ಚಿಕೊಳ್ಳುವುದು 150 ದಾಟಿದ ಮೇಲೆ. ಈ ಬೈಕ್‌ಗಳು ಮೊದಲ ಗೇರಿನಲ್ಲೇ 140ರ ಹತ್ತಿರ ಹೋಗ್ತವೆ. ಕಾನೂನು ಪಾಲಿಸಿ ಓಡಿಸಿದರೆ ಎರಡನೇ ಗೇರ್ ಹಾಕುವ ಅಗತ್ಯವೇ ಬರಲ್ಲ.

ಅದಾದ ಮೇಲೆ ಗಾಳಿ ಅಡ್ಡ ಬರುತ್ತೆ. ವೇಗ ಎರಡು ಪಟ್ಟು ಆದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. ಅದಕ್ಕೇ 46 ಪಿಎಸ್ ಬೈಕಿಗೂ 190 ಪಿಎಸ್ ಬೈಕಿಗೂ ಟಾಪ್ ಸ್ಪೀಡ್‌ನಲ್ಲಿ ನಾಲ್ಕು ಪಟ್ಟು ವ್ಯತ್ಯಾಸ ಇಲ್ಲ, ಎರಡು ಪಟ್ಟೂ ಇಲ್ಲ. 1999ರಲ್ಲಿ ಹಯಾಬುಸ ಬಂದು 300 ದಾಟಿದ ಮೇಲೆ, ಸರ್ಕಾರಗಳು ನಿಷೇಧ ಹೇರಬಹುದು ಅಂತ ಹೆದರಿ ಕಂಪನಿಗಳೇ ಒಳಗೊಳಗೇ ಒಪ್ಪಿಕೊಂಡು 299ಕ್ಕೆ ಕಟ್ಟು ಹಾಕಿದವು. 2004ರ 'ಧೂಮ್' ಸಿನಿಮಾದಿಂದ ನಮ್ಮ ಹುಡುಗರ ತಲೆಯಲ್ಲಿ ಕೂತ ಆ ಬೈಕ್, ಈಗಲೂ ಆ ಕಟ್ಟಿನೊಳಗೇ ಇದೆ.

ಹಾಗಾದರೆ ರಸ್ತೆಯಲ್ಲಿ ಯಾವುದು ಚೆನ್ನಾಗಿ ಎಳೆಯುತ್ತೆ? ಟಾರ್ಕ್ ನೋಡಿ. ಹಯಾಬುಸದ 150 ನ್ಯೂಟನ್ ಮೀಟರ್ 7,000 ಆರ್‌ಪಿಎಂನಲ್ಲೇ ಸಿಗುತ್ತೆ. ಝಡ್‌ಎಕ್ಸ್-10ಆರ್‌ದು 115ರ ಹತ್ತಿರ, ಅದೂ 11,000 ದಾಟಿದ ಮೇಲೆ. ಪಿಎಸ್ ಕಮ್ಮಿ ಇದ್ದರೂ, 60 ಕೆಜಿ ಜಾಸ್ತಿ ತೂಗಿದರೂ, ಮಾಮೂಲಿ ರಸ್ತೆಯಲ್ಲಿ ಗೇರ್ ಇಳಿಸದೆ ಹಿಂದಿಕ್ಕುವುದರಲ್ಲಿ ಹಯಾಬುಸಾನೇ ಸುಲಭ. ಝಡ್‌ಎಕ್ಸ್-10ಆರ್ ರೇಸ್ ಟ್ರ್ಯಾಕ್‌ಗೆ ಹುಟ್ಟಿದ್ದು.

ನಮ್ಮ ರಸ್ತೆಯಲ್ಲಿ ಏನಾಯಿತು

ಎರಡು ತಿಂಗಳ ಹಿಂದೆ ಒಂದು ಭಾನುವಾರ ನಾವು ಮೂವರು ಗೆಳೆಯರು ಇಲ್ಲಿಂದ ಹಾಸನಕ್ಕೆ ಹೊರಟೆವು. ಒಬ್ಬನದು 390, ಇನ್ನೊಬ್ಬನದು ಆರ್15, ನಂದು ಸ್ಪ್ಲೆಂಡರ್. ಕಂಡೀಷನ್ ಒಂದೇ: ಯಾರೂ 80 ದಾಟಬಾರದು. ಉದಯಪುರ, ಶಾಂತಿಗ್ರಾಮ ಟೋಲ್ ದಾಟಿ ಹಾಸನದಲ್ಲಿ ಟೀ ಅಂಗಡಿ ಹತ್ತಿರ ಸೇರುವುದು. 390 ಮತ್ತು ಆರ್15 ಒಟ್ಟಿಗೇ ಹೋಗಿ ಕೂತಿದ್ದವು. ನಾನು ಏಳು ನಿಮಿಷ ತಡ. "ಬಾರಪ್ಪ, ಟೀ ಆರೋಗ್ತಾ ಇದೆ" ಅಂದರು. ಆರಿರಲಿಲ್ಲ.

ಇದು ದೊಡ್ಡ ಪರೀಕ್ಷೆ ಏನಲ್ಲ, ಸಾದಾ ಗಣಿತ. ದೂರ 40 ಕಿ.ಮೀ. ಅಂತ ಇಟ್ಟುಕೊಂಡರೆ 60ರಲ್ಲಿ 40 ನಿಮಿಷ, 80ರಲ್ಲಿ 30 ನಿಮಿಷ, 120ರಲ್ಲಿ 20 ನಿಮಿಷ. ಪ್ರಾಣ ಒತ್ತೆ ಇಟ್ಟು 120ರಲ್ಲಿ ಹೋದರೆ 80ರವನಿಗಿಂತ ಉಳಿಯುವುದು ಹತ್ತು ನಿಮಿಷ. ಅದೂ ದಾರಿ ಪೂರ್ತಿ ಖಾಲಿ ಇದ್ದರೆ.

2018ರ ಕೇಂದ್ರ ಅಧಿಸೂಚನೆ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಬೈಕ್‌ಗಳ ಗರಿಷ್ಠ ಮಿತಿ 80, ಊರೊಳಗೆ 60. ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದರೆ ದಂಡ ಅಲ್ಲ, ಎಫ್‌ಐಆರ್ ಅಂತ ಪೊಲೀಸ್ ಇಲಾಖೆ ಹೇಳಿದೆ. ಅಂದರೆ ಝಡ್‌ಎಕ್ಸ್-10ಆರ್‌ನ ಮೊದಲ ಗೇರ್ ಮುಗಿಯುವಷ್ಟರಲ್ಲೇ ಎಫ್‌ಐಆರ್ ಆಗುತ್ತೆ!

ಹಾಗಂತ ಹೆಚ್ಚಿನ ಶಕ್ತಿ ವೇಸ್ಟ್ ಅಂತ ನಾನು ಹೇಳ್ತಿಲ್ಲ. ಅರಸೀಕೆರೆ ಕಡೆಗೋ ಶ್ರವಣಬೆಳಗೊಳದ ಕಡೆಗೋ ಎರಡು ಪಥದ ರಸ್ತೆಯಲ್ಲಿ ತೆಂಗಿನಕಾಯಿ ಲೋಡ್ ಲಾರಿ ಹಿಂದೆ ಸಿಕ್ಕಿಕೊಂಡಾಗ 50ರಿಂದ 80ಕ್ಕೆ ಬೇಗ ಏರುವ ಬೈಕ್ ಎದುರು ದಿಕ್ಕಿನಲ್ಲಿ ಇರುವ ಹೊತ್ತನ್ನು ಕಮ್ಮಿ ಮಾಡುತ್ತೆ. ಅದು ನಿಜವಾದ ಲಾಭ. ಸ್ಪ್ಲೆಂಡರ್‌ನಲ್ಲಿ ಹಿಂದಿಕ್ಕಲು ಹೋಗಿ ಅರ್ಧಕ್ಕೆ ವಾಪಸ್ ಬಂದ ಅನುಭವ ನನಗೆ ಬೇಕಾದಷ್ಟಿದೆ. ಆದರೆ ಆ ಕೆಲಸಕ್ಕೆ 30–40 ಪಿಎಸ್ ಧಾರಾಳ. 200 ಬೇಡ.

ಮತ್ತೆ ನಮ್ಮ ಹಂಪ್‌ಗಳು. ರಸ್ತೆ ಕಾಂಗ್ರೆಸ್ ಮಾನದಂಡದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಹಳ್ಳಿ ಮುಂದೆ ರಾತ್ರೋರಾತ್ರಿ ಹಾಕಿದ್ದು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹಯಾಬುಸದ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 125 ಮಿ.ಮೀ. 390 ಡ್ಯೂಕ್‌ದು 183. ಇಲ್ಲಿ ಗೆಲ್ಲುವುದು ಪಿಎಸ್ ಅಲ್ಲ.

ಬ್ರೇಕಿಗೆ ಸಿಸಿ ಗೊತ್ತಿಲ್ಲ

ಎಲ್ಲಕ್ಕಿಂತ ಮುಖ್ಯ ಇದು. ಓಡುವುದರಲ್ಲಿ ಬೈಕ್‌ಗಳ ನಡುವೆ ಹದಿನಾರು ಪಟ್ಟು ವ್ಯತ್ಯಾಸ ಇರಬಹುದು, ನಿಲ್ಲುವುದರಲ್ಲಿ ಹಾಗಿಲ್ಲ. ನಿಲ್ಲಿಸುವುದು ಟೈರ್ ಮತ್ತು ರಸ್ತೆಯ ಹಿಡಿತ. ಒಳ್ಳೆ ಡಾಂಬರ್, ಒಳ್ಳೆ ಟೈರ್, ಎಬಿಎಸ್ ಇದ್ದರೂ ಲೆಕ್ಕ ಹೀಗೆ: 80ರಲ್ಲಿ ಹೋಗುವಾಗ ಅಡ್ಡ ಏನೋ ಬಂತು ಅಂತ ತಲೆಗೆ ಹೊಳೆದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ, ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರ್ತೀರಿ. ನಿಲ್ಲಲು ಇನ್ನೂ ಸುಮಾರು 36 ಮೀಟರ್. ಒಟ್ಟು 58. ಅದೇ 160ರಲ್ಲಿ 44 ಮೀಟರ್ ಯೋಚನೆಗೇ, 144 ಮೀಟರ್ ಬ್ರೇಕಿಗೆ. ಒಟ್ಟು 188 ಮೀಟರ್. ವೇಗ ಎರಡು ಪಟ್ಟು, ನಿಲ್ಲುವ ದೂರ ಮೂರು ಪಟ್ಟಿಗೂ ಮೇಲೆ.

ನಮ್ಮ ಹೆದ್ದಾರಿಯಲ್ಲಿ ಡಿವೈಡರ್ ಸಂದಿಯಿಂದ ಹಸು ದಾಟುತ್ತೆ, ಸರ್ವಿಸ್ ರೋಡ್ ಬಿಟ್ಟು ರಾಂಗ್ ಸೈಡಲ್ಲಿ ಟ್ರ್ಯಾಕ್ಟರ್ ಬರುತ್ತೆ. ಆ ಟ್ರ್ಯಾಕ್ಟರ್ ಓಡಿಸುವ ಅಣ್ಣನಿಗೆ ದೂರದ ಬೈಕ್ ಕಂಡರೂ ಅದು 60ರಲ್ಲಿದೆಯೋ 160ರಲ್ಲಿದೆಯೋ ಗೊತ್ತಾಗಲ್ಲ. "ಇನ್ನೂ ದೂರ ಐತೆ" ಅಂದುಕೊಂಡು ದಾಟುತ್ತಾನೆ. 188 ಮೀಟರ್ ದೂರ ಇದ್ದ ಬೈಕ್ 160ರಲ್ಲಿ ನಾಲ್ಕೂಕಾಲು ಸೆಕೆಂಡಿಗೆ ಅಲ್ಲಿಗೆ ಬಂದಿರುತ್ತೆ. ಟ್ರೇಲರ್ ಹಾಕಿದ ಟ್ರ್ಯಾಕ್ಟರ್ ಅಷ್ಟರಲ್ಲಿ ದಾಟಿ ಮುಗಿದಿರಲ್ಲ.

ನನ್ನ ಜೊತೆ ಪಿಯುಸಿ ಓದಿದ ಒಬ್ಬನಿಗೆ ಆದದ್ದು ಇದೇ. 350 ದಾಟಿದ ಬೈಕ್, ತಗೊಂಡು ಮೂರು ತಿಂಗಳಾಗಿತ್ತು. ಬೈಕಿನ ತಪ್ಪಿರಲಿಲ್ಲ, ಬ್ರೇಕ್ ಹಿಡಿದಿತ್ತು, ರಸ್ತೆ ಸಾಲಲಿಲ್ಲ. ಬದುಕಿದ, ತೊಡೆಯಲ್ಲಿ ರಾಡ್ ಇದೆ. ಆ ಸುದ್ದಿ ಬರೆದವನು ನಾನೇ. "ಅತಿ ವೇಗವೇ ಕಾರಣ ಎನ್ನಲಾಗಿದೆ" ಅಂತ ಬರೆದು ಕಳಿಸಿ, ಆಮೇಲೆ ಆಸ್ಪತ್ರೆಗೆ ಹೋದೆ. ಬೈಕ್ ಈಗ ಗುಜರಿ. ಇಎಂಐ ಮಾತ್ರ ನಿಂತಿಲ್ಲ, ಅವರಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ಕಟ್ಟುತ್ತಿದ್ದಾರೆ. ಎರಡೂವರೆ ಲಕ್ಷ ಸಾಲಕ್ಕೆ ಶೇ 12 ಬಡ್ಡಿ, ಮೂರು ವರ್ಷ ಅಂದರೆ ತಿಂಗಳಿಗೆ ಸುಮಾರು 8,300 ರೂಪಾಯಿ, ಬಡ್ಡಿಯೇ 49 ಸಾವಿರ. ಅಂಗಡಿ ಇಟ್ಟವರಿಗೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಿಲ್ಲ.

ದೇಶದ ಅಂಕಿ ಇನ್ನೂ ಕಹಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ 44.5 ದ್ವಿಚಕ್ರ ವಾಹನದವರು. ಇವರೆಲ್ಲ ದೊಡ್ಡ ಬೈಕಿನವರಲ್ಲ, ಹೆಚ್ಚಿನವರು ನಮ್ಮ ನಿಮ್ಮಂಥ ಸ್ಕೂಟರ್, 100 ಸಿಸಿಯವರೇ. ಅತಿ ವೇಗಕ್ಕೆ ದೊಡ್ಡ ಬೈಕೇ ಬೇಕು ಅಂತೇನೂ ಇಲ್ಲ.

ಲೈಸೆನ್ಸ್ ಒಂದೇ, ಬೈಕ್ ಮಾತ್ರ ಬೇರೆ ಬೇರೆ

ಇಲ್ಲಿ ಸರ್ಕಾರದ ಪಾಲೂ ಇದೆ. ಯೂರೋಪಿನಲ್ಲಿ ಬೈಕ್ ಲೈಸೆನ್ಸ್‌ಗೆ ಮೆಟ್ಟಿಲುಗಳಿವೆ. ಎ2 ಲೈಸೆನ್ಸ್ ಇರುವವನು 35 ಕಿಲೋವ್ಯಾಟ್, ಅಂದರೆ ಸುಮಾರು 47 ಪಿಎಸ್ ಒಳಗಿನ ಬೈಕ್ ಮಾತ್ರ ಓಡಿಸಬೇಕು. ಅದರಲ್ಲಿ ಎರಡು ವರ್ಷ ಪಳಗಿದ ಮೇಲೆ ಮುಂದಿನದು. ಜಪಾನಿನಲ್ಲಿ 400 ಸಿಸಿ ದಾಟಿದ ಬೈಕಿಗೆ ಬೇರೆಯೇ ಲೈಸೆನ್ಸ್. ಹಯಾಬುಸ ಮಾಡುವ ದೇಶದಲ್ಲೇ ಅದನ್ನು ಸುಮ್ಮನೆ ಓಡಿಸಲು ಬಿಡಲ್ಲ. ನಮ್ಮಲ್ಲಿ 18 ತುಂಬಿದ ಹುಡುಗ ಆರ್‌ಟಿಒ ಮುಂದೆ 100 ಸಿಸಿ ಬೈಕಲ್ಲಿ ಎಂಟು ಹಾಕಿ ತೋರಿಸಿದರೆ, ಅದೇ ಕಾರ್ಡಲ್ಲಿ ಮರುದಿನ 200 ಪಿಎಸ್ ಬೈಕ್ ಓಡಿಸಬಹುದು.

ತೆರಿಗೆಗೆ 350 ಅಂತ ಗೆರೆ ಎಳೆಯಲು ಗೊತ್ತು, ವಿಮೆಗೆ ಗೊತ್ತು. ಕಲಿಕೆಗೆ ಮಾತ್ರ ಗೆರೆ ಇಲ್ಲ. 9 ಪರ್ಸೆಂಟ್ ಹೆಚ್ಚಿಗೆ ತೆರಿಗೆ ಕಟ್ಟಿಸಿಕೊಂಡರೆ ಹುಡುಗ ಹುಷಾರಾಗಿ ಓಡಿಸುತ್ತಾನಾ?

ಕೊನೆಗೆ, ಕೇಳುವವರಿಗೆ ನನ್ನ ಉತ್ತರ ಇದು. ದಿನಾ ಕಾಲೇಜು, ಅಂಗಡಿ, ತೋಟ ಅಂತ ಓಡಾಡುವವರಿಗೆ 150 ಸಿಸಿ ಆಸುಪಾಸು ಸಾಕು. ತಿಂಗಳಿಗೆರಡು ಸಲ ಬೆಂಗಳೂರು, ಮಂಗಳೂರು ಅಂತ ದೂರ ಹೋಗುವವರಿಗೆ 350ರ ಒಳಗಿನ 30–38 ಪಿಎಸ್ ಬೈಕಿನಲ್ಲಿ ಎಲ್ಲಾ ಸಿಗುತ್ತೆ, ತೆರಿಗೆಯೂ ಕಮ್ಮಿ. 390 ಒಳ್ಳೆಯ ಬೈಕ್, ಸುಳ್ಳಲ್ಲ. ಆದರೆ ಅದರ ಹೆಚ್ಚಿನ ಬಲ ತೋರುವ ಜಾಗ ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಲೀಟರ್ ಬೈಕಿನ ನಿಜವಾದ ಓಟ ನೋಡಬೇಕು ಅಂದರೆ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕ್‌ಗೆ ಹೋಗಿ, ಅಲ್ಲಿ ಹಸುವೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಬೈಕಿನ ಬಜೆಟ್‌ನಲ್ಲೇ ಒಳ್ಳೆ ಹೆಲ್ಮೆಟ್, ಜಾಕೆಟ್, ಗ್ಲೌಸ್ ದುಡ್ಡೂ ಎತ್ತಿಡಿ. ಅದು ಉಳಿಯಲ್ಲ ಅಂದರೆ ಆ ಬೈಕ್ ನಿಮ್ಮ ಬಜೆಟ್‌ನದ್ದಲ್ಲ.

ಮುಂದಿನ ಭಾನುವಾರ ಆ ಬೈಕ್‌ಗಳು ಮತ್ತೆ ಬರ್ತವೆ. ನೋಡಿ, ಖುಷಿಪಡಿ, ನಾನೂ ನೋಡ್ತೀನಿ. ಹಿಂದೆ ಬೆನ್ನಟ್ಟಿ ಮಾತ್ರ ಹೋಗಬೇಡಿ. ಅವರ ಬೈಕಿಗೂ ನಿಮ್ಮ ಬೈಕಿಗೂ ಓಟದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ ಇದೆ. ಅಡ್ಡ ಬರುವ ಟ್ರ್ಯಾಕ್ಟರ್ ಇಬ್ಬರಿಗೂ ಒಂದೇ.